ಮಾತಾಡಬಾರದ ವಧುಪರೀಕ್ಷೆ

ಯಡಿಯೂರು

ನಮ್ಮ ರಘು ಮಾಮನಿಗೆ ಹೆಣ್ಣು ನೋಡಲು ನಾನು ಹತ್ತಿಳಿದಷ್ಟು ಮೆಟ್ಟಿಲುಗಳನ್ನು ಈ ಕಡೆಯ ಯಾವ ಪೋಸ್ಟ್‌ಮ್ಯಾನೂ ಹತ್ತಿಳಿದಿಲ್ಲ. ಮಾಮ ಎಂದರೆ ನಮ್ಮಮ್ಮನ ತಮ್ಮ. ಅವನಿಗೆ ಹುಡುಗಿ ಹುಡುಕಲು ಶುರು ಮಾಡಿದಾಗ ನಾನು ಎರಡನೇ ಕ್ಲಾಸು. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಪೆನ್ನು ಮುಚ್ಚಿದಾಗಲೂ ಹುಡುಕಾಟ ನಡೆದೇ ಇತ್ತು. ಇದರಿಂದ ಮಾಮನಿಗೆ ಏನು ಲಾಭವಾಯಿತೋ ಗೊತ್ತಿಲ್ಲ, ನನ್ನ ಭೂಗೋಳ ಮಾತ್ರ ಸಖತ್ತಾಗಿ ಬೆಳೆಯಿತು. ಬನಶಂಕರಿಯ ಕೇಸರಿಬಾತಿನಲ್ಲಿ ತುಪ್ಪ ತೇಲುತ್ತದೆ. ಜೆಪಿ ನಗರದವರು ಗೋಡಂಬಿಯನ್ನು ಮೇಲ್ಗಡೆ ಮಾತ್ರ ಇಡುತ್ತಾರೆ, ಅಗೆದರೆ ಒಳಗೆ ಏನೂ ಇರುವುದಿಲ್ಲ. ಬಿಟಿಎಂ ಲೇಔಟಿನ ಒಬ್ಬರು ಹೋಟೆಲಿನಿಂದ ಉಪ್ಪಿಟ್ಟು ತರಿಸಿ, ನಮ್ಮ ಹುಡುಗಿಯೇ ಮಾಡಿದ್ದು ಎಂದರು. ಅದೇ ಹೋಟೆಲಿನ ಉಪ್ಪಿಟ್ಟನ್ನು ಬೆಳಿಗ್ಗೆಯಷ್ಟೇ ತಿಂದಿದ್ದ ನಾನು ಎಲ್ಲರೆದುರು ಅದನ್ನು ಪತ್ತೆ ಹಚ್ಚಿದೆ. ಆ ಸಂಬಂಧ ಅಲ್ಲಿಗೆ ಮುಗಿಯಿತು.

ಕ್ರಮ ಯಾವಾಗಲೂ ಒಂದೇ. ಹುಡುಗಿ ತಟ್ಟೆ ಹಿಡಿದು ಬರುತ್ತಾಳೆ. ಮಾಮ ತನ್ನ ಕಾಲಿನ ಹೆಬ್ಬೆರಳನ್ನು ಮೊದಲ ಸಲ ನೋಡುವವನಂತೆ ನೋಡುತ್ತಾನೆ. ಅಮ್ಮ ಪ್ರಶ್ನೆ ಕೇಳಲು ಶುರು ಮಾಡುತ್ತಾಳೆ. ಅಡುಗೆ, ಓದು, ಹಾಡು, ತಂದೆಯ ಕೆಲಸ, ತಾಯಿಯ ಮಂಡಿನೋವು, ಪಕ್ಕದ ಮನೆಯವರ ಜೊತೆ ಯಾಕೆ ಮಾತು ಬಿಟ್ಟಿದ್ದು ಎಂಬಲ್ಲಿಯವರೆಗೆ. ಪೊಲೀಸರು ಲಾಠಿ ಹಿಡಿದು ಕೇಳಿದರೂ ಬಾಯಿ ಬಿಡದವರು ನಮ್ಮಮ್ಮ ಕಾಫಿ ಲೋಟ ಹಿಡಿದು ಕೇಳಿದರೆ ಬಿಡುತ್ತಾರೆ. ಕೊನೆಗೆ ಅವಳು ಎದ್ದು, ಸೆರಗು ಸರಿ ಮಾಡಿಕೊಂಡು, “ಮನೆಗೆ ಹೋಗಿ ತಿಳಿಸ್ತೀವಿ” ಎನ್ನುತ್ತಾಳೆ. ಇದರ ಅರ್ಥ ಇಲ್ಲಿಂದ ಹುಳಿಮಾವಿನವರೆಗೆ ಎಲ್ಲರಿಗೂ ಗೊತ್ತು. ತಿಳಿಸುವುದಿಲ್ಲ ಎಂದು ಅರ್ಥ. ಒಪ್ಪಿಗೆಯಾಗಿದ್ದರೆ ಅಲ್ಲೇ, ಆ ಕ್ಷಣವೇ, ಬ್ಯಾಗಿನಿಂದ ಮಲ್ಲಿಗೆ ಹೊರಗೆ ಬಂದು ಹುಡುಗಿಯ ಮುಡಿಗೆ ಏರಬೇಕು. ಅಮ್ಮ ಪ್ರತಿ ಸಲವೂ ಹೂ ಒಯ್ಯುತ್ತಿದ್ದಳು. ಪ್ರತಿ ಸಲವೂ ಅದು ಬ್ಯಾಗಿನಲ್ಲೇ ವಾಪಸ್ಸು ಬರುತ್ತಿತ್ತು. ಮಾಮನ ಮದುವೆಯಾಗದ್ದರಿಂದ ನಮ್ಮನೆ ದೇವರಿಗೆ ಮಲ್ಲಿಗೆಯ ಬರ ಬಂದದ್ದೇ ಇಲ್ಲ.

ಈ ನಡುವೆ ಮಾಮನನ್ನು ಅವನ ಯಂತ್ರದ ಕಾರ್ಖಾನೆಯವರು ಜಪಾನಿಗೆ ಕಳಿಸಿದರು. ಒಂದು ಭಾನುವಾರ ಅಲ್ಲಿಂದ ಫೋನು ಮಾಡಿದ. ಹುಡುಗಿ ಸಿಕ್ಕಿದ್ದಾಳಂತೆ. ಅವನೇ ನೋಡಿದನಂತೆ. ಹೆಸರು ಸಚಿಕೊ. ಜನರನ್ನು ಗುಂಪು ಮಾಡಿಕೊಂಡು ಕಾಡಿನಲ್ಲಿ ನಡೆಸುವುದು ಅವಳ ಕೆಲಸವಂತೆ. ಅದಕ್ಕೆ ಅಲ್ಲಿ ಕಾಡುಸ್ನಾನ ಎನ್ನುತ್ತಾರಂತೆ. ಹೆಸರು ಕೇಳಿ ನೀವು ಟವೆಲ್ ಹುಡುಕಬೇಡಿ. ನೀರಿಲ್ಲ, ಸೋಪಿಲ್ಲ. ಸುಮ್ಮನೆ ಮರಗಳ ಮಧ್ಯೆ ನಡೆಯುವುದು, ಮೂಸುವುದು, ಮುಟ್ಟುವುದು. ಹಾಗೆ ಮಾಡಿದರೆ ಬಿಪಿ ಇಳಿಯುತ್ತದೆಯಂತೆ.

ಅಜ್ಜಿಯ ಬಿಪಿ ಅದನ್ನು ಕೇಳಿಯೇ ಏರಿತು. “ಕಾಡು ತೋರಿಸೋಕೆ ಸಂಬಳಾನಾ? ತಲಘಟ್ಟಪುರದಲ್ಲಿ ದನ ಕಾಯೋರು ದಿನಾ ಹೋಗ್ತಾರಲ್ಲೋ” ಎಂದು ಊಟ ಬಿಟ್ಟಳು. ಮಧ್ಯಾಹ್ನದ ಊಟಕ್ಕೂ ಸಂಜೆಯ ಕಾಫಿಗೂ ನಡುವೆ ಪೂರ್ತಿ ಉಪವಾಸ. ಮಾಮ ಒಂದು ಮಾತು ಕೊಟ್ಟ. ಅಮ್ಮನಾದ ನೀನು ಬೇಡ ಎಂದರೆ ಈ ಮದುವೆ ಇಲ್ಲ, ಆದರೆ ಬೇರೆ ಮದುವೆಯೂ ಇಲ್ಲ, ಇನ್ನು ಯಾರ ಮನೆಯ ಉಪ್ಪಿಟ್ಟಿಗೂ ನನ್ನನ್ನು ಕರೆಯಬೇಡಿ ಎಂದ. ಅಜ್ಜಿ ಯೋಚಿಸಿ ತೀರ್ಪು ಕೊಟ್ಟಳು. ಅವಳಿಗೆ ಅಷ್ಟು ದೂರ ಹೋಗಲಾಗದು. ನಮ್ಮಮ್ಮ ಹೋಗಿ ನೋಡಬೇಕು. ನೋಡಿದ ದಿನವೇ ಸಂಜೆ ಫೋನು ಮಾಡಬೇಕು. ಅಮ್ಮ ಹೂ ಮುಡಿಸಿದರೆ ಸರಿ, ಇಲ್ಲದಿದ್ದರೆ ಇಲ್ಲ. ಅಪ್ಪನಿಗೆ ಆಫೀಸಿನಲ್ಲಿ ಆಡಿಟ್ ಎಂಬ ವಾಸಿಯಾಗದ ಕಾಯಿಲೆ ಇದ್ದುದರಿಂದ ಅಮ್ಮನ ಜೊತೆಗೆ ನಾನು. ರಜೆಯಲ್ಲಿದ್ದೆ, ಇಂಗ್ಲಿಷ್ ಬರುತ್ತಿತ್ತು, ಉಪ್ಪಿಟ್ಟಿನ ಅನುಭವವೂ ಇತ್ತು.

ಆಕಾಶ, ಆಮೇಲೆ ಟೋಕಿಯೊ

ವಿಮಾನ ಇನ್ನೂ ನೆಲದ ಮೇಲೆ ಉರುಳುತ್ತಿದ್ದಾಗಲೇ ಅಮ್ಮ ಪಕ್ಕದ ಸೀಟಿನ ಆಂಟಿಯ ಊರು ತಿಳಿದುಕೊಂಡಳು. ಚಕ್ರ ಒಳಗೆ ಸೇರುವಷ್ಟರಲ್ಲಿ ಅವರು ಮಗಳ ಬಾಣಂತನಕ್ಕೆ ಸಿಂಗಾಪುರಕ್ಕೆ ಹೊರಟಿದ್ದು ಗೊತ್ತಾಯಿತು. ಊಟದ ತಟ್ಟೆ ಬರುವ ಹೊತ್ತಿಗೆ ಅಳಿಯ ಗೊರಕೆ ಹೊಡೆಯುವ ವಿಷಯ ನಮ್ಮ ಹಿಂದಿನ ಸಾಲುಗಳಿಗೂ ತಲುಪಿತ್ತು. ಸಿಂಗಾಪುರದಲ್ಲಿ ಇಳಿಯುವಾಗ ಆಂಟಿ ಅಮ್ಮನ ಕೈ ಹಿಡಿದು ಅತ್ತರು. ಅರ್ಧ ಪ್ರೀತಿಗೆ, ಅರ್ಧ ಬಿಡುಗಡೆಯಾಯಿತಲ್ಲ ಎಂದು.

ಟೋಕಿಯೊದಲ್ಲಿ ನಮ್ಮ ಬ್ಯಾಗು ತೆಗೆಸಿದರು. ಚಟ್ನಿಪುಡಿ, ಮೆಂತ್ಯದಹಿಟ್ಟು, ಕೋಡುಬಳೆ ಎಲ್ಲವನ್ನೂ ಮೂಸಿ ನೋಡಿ ಬಿಟ್ಟರು. ಕೊನೆಗೆ ಬಾಳೆಎಲೆಯ ಪೊಟ್ಟಣ ಬಂತು. ಒಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಮಲ್ಲಿಗೆ ದಂಡೆ, ಜಯನಗರ ನಾಲ್ಕನೇ ಬ್ಲಾಕಿನದು, ಹೂವಿನವಳ ಜೊತೆ ಜಗಳವಾಡಿ ಒಂದು ಗೇಣು ಜಾಸ್ತಿ ಹಾಕಿಸಿಕೊಂಡದ್ದು. ಅಧಿಕಾರಿ ಬಿಳಿ ಗ್ಲೌಸು ಹಾಕಿಕೊಂಡು ಅದನ್ನು ಬಾಂಬಿನಂತೆ ಎತ್ತಿದ. ಹೊರದೇಶದ ಹೂವು, ಎಲೆ ಒಳಗೆ ಬಿಡುವಂತಿಲ್ಲವಂತೆ. ಕಿತ್ತುಕೊಳ್ಳುವ ಮೊದಲು ಒಂದು ಸಲ ಬಗ್ಗಿದ, ಕಿತ್ತುಕೊಳ್ಳುವಾಗ ಒಂದು ಸಲ ಬಗ್ಗಿದ, ಕಿತ್ತುಕೊಂಡಿದ್ದಕ್ಕೆ ಮತ್ತೊಂದು ಸಲ. ನಮ್ಮಲ್ಲಾದರೆ ಕಿತ್ತುಕೊಂಡವರೇ ಬೈದು ಕಳಿಸುತ್ತಾರೆ, ಅದರಲ್ಲಿ ಒಂದು ಆತ್ಮೀಯತೆ ಇರುತ್ತದೆ. ಇವನು ಇಷ್ಟು ಮರ್ಯಾದೆ ಕೊಟ್ಟರೆ ಜಗಳ ಎಲ್ಲಿಂದ ಹುಟ್ಟಬೇಕು?

ಅಮ್ಮ ಕೈಯಲ್ಲುಳಿದ ಒದ್ದೆ ಬಟ್ಟೆಯನ್ನು ನೋಡುತ್ತಾ ನಿಂತಳು. “ಶಕುನ ಸರಿಯಿಲ್ಲ ಚೇತು. ಹೂವೇ ಹೋಯ್ತು. ಇನ್ನೇನ್ ಮುಡಿಸೋದು, ನನ್ನ ತಲೆ?”

ಮಾಮನ ಊರು

ಅಲ್ಲಿಂದ ನಗಾನೋ ಕಡೆಗೆ ಟ್ರೇನು. ಆ ಟ್ರೇನಿನಲ್ಲಿ ಜನ ಎಷ್ಟು ಸದ್ದಿಲ್ಲದೆ ಕೂರುತ್ತಾರೆಂದರೆ, ಅಮ್ಮ ಕೋಡುಬಳೆ ಮುರಿದ ಶಬ್ದಕ್ಕೆ ಡ್ರೈವರು ಬ್ರೇಕ್ ಹಾಕಿದನೇನೋ ಎನ್ನಿಸಿತು. ಎದುರು ಕೂತಿದ್ದ ಹೆಂಗಸಿಗೆ ಅಮ್ಮ ಒಂದು ಕೋಡುಬಳೆ ಕೊಟ್ಟಳು. ಆ ಹೆಂಗಸು ಎರಡೂ ಕೈಯಲ್ಲಿ ಪ್ರಸಾದದಂತೆ ತೆಗೆದುಕೊಂಡು, ಇಳಿಯುವವರೆಗೂ ತಿನ್ನದೆ, ಬಿಸಾಡಲೂ ಆಗದೆ, ಹಾಗೇ ಹಿಡಿದು ಕೂತಿದ್ದಳು. ನಮ್ಮ ಬನಶಂಕರಿ ಬಸ್ಸಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಅದರ ರೆಸಿಪಿ ಕಂಡಕ್ಟರ್‌ವರೆಗೆ ಹೋಗಿರುತ್ತಿತ್ತು.

ಮಾಮ ಸ್ಟೇಷನ್ನಿಗೆ ಬಂದಿದ್ದ. ಯಾರು ಎದುರಾದರೂ ಬಗ್ಗುವುದನ್ನು ಕಲಿತಿದ್ದ. ಕಾಸು ಹಾಕಿದರೆ ಟೀ ಕೊಡುವ ಪೆಟ್ಟಿಗೆಗೂ ಅವನು ಅರೆಬಗ್ಗಿದ್ದನ್ನು ನಾನು ಕಣ್ಣಾರೆ ಕಂಡೆ. ಅವನ ರೂಮು ನಮ್ಮ ದೇವರಮನೆಯಷ್ಟಿತ್ತು, ದೇವರಮನೆಯಲ್ಲಿ ಕಾಲಾದರೂ ಚಾಚಬಹುದು.

ಹುಡುಗಿಯ ಮನೆಗೆ ಯಾವಾಗ ಹೋಗುವುದು ಎಂದು ಅಮ್ಮ ಕೇಳಿದಳು. ಅವಳ ತಂದೆ ತಾಯಿ ಬೇರೆ ದ್ವೀಪದಲ್ಲಿದ್ದಾರೆ, ಅವಳು ಕಾಡಿನ ಆಫೀಸಿನ ಹಿಂದೆ ಒಂದು ಕೋಣೆಯಲ್ಲಿದ್ದಾಳೆ, ನಾಳೆ ಅವಳು ನಡೆಸುವ ಗುಂಪಿನಲ್ಲಿ ನಾವೂ ಸೇರಿಕೊಳ್ಳುತ್ತೇವೆ ಎಂದು ಮಾಮ ತಿಳಿಸಿದ.

“ಕಾಡಲ್ಲಿ ಹೆಣ್ಣು ನೋಡೋದಾ? ಕೂರೋದೆಲ್ಲಿ?”

“ಅಕ್ಕ, ಅವಳು ಹೇಗೆ ಅಂತ ಗೊತ್ತಾಗ್ಬೇಕಾದ್ರೆ ಅಲ್ಲೇ ನೋಡ್ಬೇಕು. ಒಂದ್ಸಲ ನನ್ ಮಾತು ಕೇಳು.”

ಮಾಮ ಅಷ್ಟೂ ವರ್ಷ ಹೆಬ್ಬೆರಳು ನೋಡುತ್ತಾ ಕೂತವನು. ಅವನ ಬಾಯಿಂದ ಒಟ್ಟಿಗೆ ಇಷ್ಟು ಮಾತು ಬಂದದ್ದಕ್ಕೇ ಅಮ್ಮ ಗಾಬರಿಯಾಗಿ ಒಪ್ಪಿದಳು. ಅವನು ಒಂದು ಮುಖ್ಯ ವಿಷಯವನ್ನು ಮಾತ್ರ ಹೇಳಲಿಲ್ಲ. ಹೇಳಿದ್ದರೆ ಅಮ್ಮ ಮುಂದಿನ ವಿಮಾನ ಹತ್ತುತ್ತಿದ್ದಳು.

ಕಾಡಿನ ಬಾಗಿಲು

ಬೆಳಿಗ್ಗೆ ಅಮ್ಮ ಮೈಸೂರು ಸಿಲ್ಕ್ ಸೀರೆ ಉಟ್ಟು, ಅದರ ಕೆಳಗೆ ವಾಕಿಂಗ್ ಶೂ ಹಾಕಿ, ಮಣಿಕಟ್ಟಿಗೆ ಒಂದು ಪ್ಲಾಸ್ಟಿಕ್ ಕವರು ಸಿಕ್ಕಿಸಿಕೊಂಡು ಸಿದ್ಧಳಾದಳು. ಜಯನಗರ ಕಡೆಯವರಿಗೆ ಈ ಅವತಾರವನ್ನು ವಿವರಿಸಬೇಕಿಲ್ಲ. ನೀವು ಎದ್ದು ಹಾಲು ತರಲು ಹೋಗುವ ಮೊದಲೇ ನಿಮ್ಮ ಕಾಂಪೌಂಡಿನ ದಾಸವಾಳ, ನಂದಿಬಟ್ಟಲು, ಕಣಗಿಲೆಗಳನ್ನು ಖಾಲಿ ಮಾಡಿ ಹೋಗುವ ಪಡೆಯ ಹಿರಿಯ ಸದಸ್ಯೆ ನಮ್ಮಮ್ಮ. ಊರಿನಲ್ಲಾದರೆ ತುದಿಗೆ ಕೊಕ್ಕೆ ಕಟ್ಟಿದ ಕೋಲೂ ಇರುತ್ತದೆ. ಅದನ್ನು ವಿಮಾನಕ್ಕೆ ಬಿಡಲಿಲ್ಲ.

ಕಾಡು ಶುರುವಾಗುವಲ್ಲಿ ಒಂದು ಮರದ ಆಫೀಸು. ಅಲ್ಲಿ ಹಸಿರು ಟೋಪಿಯ ಒಬ್ಬ ಮುದುಕರು, ಆ ಕಾಡಿಗೆ ಅವರೇ ಯಜಮಾನರು. ಒಳಗೆ ಹೋಗುವವರನ್ನೆಲ್ಲ ಕೂರಿಸಿ ಬಿಪಿ ನೋಡಿದರು. ನಮ್ಮ ಗುಂಪು ಸಣ್ಣದು. ನಾವು ಮೂವರು, ಒಂದು ವಯಸ್ಸಾದ ಗಂಡ ಹೆಂಡತಿ, ಟೈ ಕಟ್ಟಿಕೊಂಡೇ ಕಾಡಿಗೆ ಬಂದಿದ್ದ ಒಬ್ಬ ಆಫೀಸಿನವನು. ಅವನು ಬಿಪಿ ಮಿಷನ್ನಿನ ಮುಂದೆಯೇ ನಿದ್ದೆ ಹೋದ.

ಆಮೇಲೆ ಸಚಿಕೊ ಬಂದಳು. ಅಮ್ಮನ ಕಣ್ಣು ಟಾರ್ಚಿನಂತೆ ಮೇಲಿನಿಂದ ಕೆಳಗೆ ಇಳಿಯಿತು. ಕುತ್ತಿಗೆಯ ಮೇಲೇ ಕತ್ತರಿಸಿದ ಕೂದಲು. ಕಿವಿ ಚುಚ್ಚಿಲ್ಲ. ಬಳೆ ಇಲ್ಲ. ಪ್ಯಾಂಟು, ಬೂಟು, ತೋಳಿಗೊಂದು ಹಸಿರು ಪಟ್ಟಿ, ಕೊರಳಿನಲ್ಲಿ ಸೀಟಿ. ಅಮ್ಮ ನನ್ನ ಕಿವಿಯಲ್ಲಿ, “ಎನ್‌ಸಿಸಿ ಹುಡುಗಿ ಥರ ಇದಾಳಲ್ಲೋ” ಎಂದಳು. ಅಷ್ಟರಲ್ಲಿ ಸಚಿಕೊ ಎದುರು ನಿಂತು, ಕೈಮುಗಿದು, ಬಗ್ಗಿ, ಎರಡು ದೇಶದ ಮರ್ಯಾದೆಯನ್ನೂ ಒಟ್ಟಿಗೆ ಮುಗಿಸಿ, ಮಾಮ ಹೇಳಿಕೊಟ್ಟ ಒಂದೇ ಒಂದು ಕನ್ನಡ ವಾಕ್ಯವನ್ನು ಹೇಳಿದಳು.

“ಊಟ ಆಯ್ತಾ?”

ಬೆಳಗಿನ ಹೊತ್ತು. ಆದರೂ ಅಮ್ಮ ಕರಗಿದಳು. “ತಿಂಡಿ ಆಯ್ತಮ್ಮ. ನಿಂದು?” ಎಂದು, ಉತ್ತರಕ್ಕೂ ಕಾಯದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಅಸಲು ಕೆಲಸಕ್ಕಿಳಿದಳು. “ನಿಮ್ ತಂದೆ ಏನ್ ಮಾಡ್ತಾರೆ?”

ಸಚಿಕೊ ತುಟಿಯ ಮೇಲೆ ಬೆರಳಿಟ್ಟಳು. ಜಪಾನಿಯಲ್ಲಿ ಮೆಲ್ಲಗೆ ಎಲ್ಲರಿಗೂ ಏನೋ ಹೇಳಿದಳು. ಮಾಮ ಅಮ್ಮನ ಮುಖ ನೋಡದೆ ಅದನ್ನು ಕನ್ನಡಕ್ಕೆ ತಂದ. ಈ ಬಾಗಿಲು ದಾಟಿದ ಮೇಲೆ ವಾಪಸ್ಸು ಬರುವವರೆಗೆ ಯಾರೂ ಮಾತಾಡಬಾರದು. ಕಾಡಿನಲ್ಲಿ ಏನನ್ನೂ ಕೀಳಬಾರದು. ಒಳಗಿನಿಂದ ಒಂದು ಎಲೆಯೂ ಈ ಬಾಗಿಲು ದಾಟಿ ಹೊರಗೆ ಹೋಗಬಾರದು.

ಅಮ್ಮನಿಗೆ ಕೇಳಿಸಿದ್ದು ಮೊದಲನೆಯದು ಮಾತ್ರ. ಉಳಿದವು ನಮ್ಮ ಪಾರ್ಕುಗಳ ಬೋರ್ಡಿನಲ್ಲೂ ಇರುತ್ತವೆ. ಹೂ ಕೀಳಬಾರದು ಎಂಬ ಬೋರ್ಡಿನ ಅಡಿಯಲ್ಲಿ ನಿಂತು ಕೀಳುವುದೇ ನಮ್ಮಲ್ಲಿ ವಾಡಿಕೆ, ನೆರಳಿರುತ್ತದೆ. ಆದರೆ ಮಾತಾಡಬಾರದು ಎಂದರೆ? ವಿಮಾನ ಹತ್ತಿ, ಸಮುದ್ರ ದಾಟಿ, ಮಲ್ಲಿಗೆ ಕಳೆದುಕೊಂಡು ಹುಡುಗಿ ನೋಡಲು ಬಂದವಳಿಗೆ ಹುಡುಗಿಯನ್ನು ಏನೂ ಕೇಳಬೇಡ ಎಂದರೆ? ಅಮ್ಮನ ಬಾಯಲ್ಲಿ ಸಾಲಾಗಿ ನಿಂತಿದ್ದ ಪ್ರಶ್ನೆಗಳೆಲ್ಲ ಸಿಗ್ನಲ್ಲಿನಲ್ಲಿ ಸಿಕ್ಕಿಬಿದ್ದ ಆಟೋಗಳಂತೆ ಒಂದರ ಹಿಂದೊಂದು ಗುರುಗುಟ್ಟತೊಡಗಿದವು.

ಒಳಗೆ

ಕಾಡುಸ್ನಾನದವರ ನಡಿಗೆಯ ವೇಗ ಹೇಗಿರುತ್ತದೆಂದರೆ, ಒಂದು ಬಸವನಹುಳು ನಮ್ಮನ್ನು ಓವರ್‌ಟೇಕ್ ಮಾಡಿ, ತಿರುಗಿ ನೋಡಿ, ಮುಂದೆ ಹೋಯಿತು. ಒಂದು ಹೆಜ್ಜೆ ಇಟ್ಟು ನಿಲ್ಲಬೇಕು. ಮೂಸಬೇಕು. ಎರಡನೇ ಹೆಜ್ಜೆಗೆ ಮುಹೂರ್ತ ಬರಬೇಕು. ಮರಗಳು ಕೆಂಪು ತೊಗಟೆಯವು, ಕತ್ತೆತ್ತಿ ನೋಡಿದರೆ ಕತ್ತು ವಾಪಸ್ಸು ಬರುವುದಿಲ್ಲ, ಅಷ್ಟು ಎತ್ತರ. ವಾಸನೆ ಹೊಸ ಪೆನ್ಸಿಲ್ ಚೂಪು ಮಾಡಿದ ಹಾಗೆ. ಟೈ ಕಟ್ಟಿದವನು ಮೊದಲ ಮರವನ್ನೇ ತಬ್ಬಿಕೊಂಡು ನಿಂತೇ ನಿದ್ದೆ ಹೋದ. ಸಚಿಕೊ ಅವನನ್ನು ಎಬ್ಬಿಸಲಿಲ್ಲ. ಎಲೆ ಉದುರುವಷ್ಟು ಹಗುರವಾಗಿ ಅವನ ಟೈ ಸಡಿಲ ಮಾಡಿ, ಅವನು ತಾನಾಗಿ ಕಣ್ಣು ಬಿಡುವವರೆಗೂ ಎಲ್ಲರನ್ನೂ ಅಲ್ಲೇ ಕಾಯಿಸಿದಳು. ಅಮ್ಮ ಅದನ್ನು ನೋಡಿದಳು.

ಆದರೆ ನೋಡುವುದರಿಂದ ಹೊಟ್ಟೆ ತುಂಬುತ್ತದೆಯೇ? ಬಾಯಿ ಮುಚ್ಚಿಸಿದರೆ ಕೈ ಇದೆ ಎಂದು ಅಮ್ಮ ನಿರ್ಧರಿಸಿದಳು. ಮೊದಲ ಪ್ರಶ್ನೆ ಅಡುಗೆಯದು. ಸಚಿಕೊಳ ಎದುರು ನಿಂತು, ಎಡಗೈಯನ್ನು ಕಾವಲಿ ಮಾಡಿ, ಬಲಗೈಯಲ್ಲಿ ಸೌಟು ಹಿಡಿದಂತೆ ಹಿಟ್ಟು ಹೊಯ್ದು, ನಡುವಿನಿಂದ ಸುತ್ತ ಸುತ್ತ ದೋಸೆ ಹರಡಿ, ಹುಬ್ಬು ಎತ್ತಿ ನೋಡಿದಳು. ಬರುತ್ತಾ? ಎಂದು. ಸಚಿಕೊ ಬಹಳ ಗಮನವಿಟ್ಟು ನೋಡಿದಳು. ಇದು ಭಾರತದ ಯಾವುದೋ ಯೋಗವಿರಬೇಕೆಂದು ತಿಳಿದು, ಗೌರವದಿಂದ ತಾನೂ ಎಡಗೈ ಚಾಚಿ ದೋಸೆ ಹೊಯ್ದಳು. ಗೈಡ್ ಮಾಡಿದ್ದನ್ನು ಮಾಡುವುದು ಆ ಊರಿನ ಧರ್ಮ. ಮುದುಕ ದೋಸೆ ಹೊಯ್ದರು. ಮುದುಕಿ ದೋಸೆ ಹೊಯ್ದರು. ಟೈನವನು ಅರೆಗಣ್ಣಿನಲ್ಲೇ ಒಂದು ಸೆಟ್ ದೋಸೆ ಹೊಯ್ದ. ಆ ಮಹಾ ಕಾಡಿನ ನಡುವೆ, ಒಂದು ಹಕ್ಕಿಯ ಸದ್ದೂ ಇಲ್ಲದಲ್ಲಿ, ಎಲ್ಲರೂ ಗಾಳಿಯಲ್ಲಿ ದೋಸೆ ಹರಡುತ್ತಿದ್ದೆವು. ಮಾಮ ಮಾತ್ರ ತನ್ನ ಹೆಬ್ಬೆರಳು ನೋಡುತ್ತಿದ್ದ. ಬೂಟಿನೊಳಗೂ ಅವನಿಗದು ಕಾಣುತ್ತಿತ್ತೆಂದು ಕಾಣುತ್ತದೆ.

ಸ್ವಲ್ಪ ಮುಂದೆ ಒಂದು ತೊರೆ. ಅದರ ದಡದಲ್ಲಿ ಚಾಪೆ ಹಾಸಿ ಎಲ್ಲರೂ ಆಕಾಶ ನೋಡುತ್ತಾ ಮಲಗಬೇಕು. ಅಮ್ಮ ಮಲಗಲಿಲ್ಲ. ಪರಗಂಡಸರ ಸಾಲಿನಲ್ಲಿ ರೇಷ್ಮೆ ಸೀರೆಯುಟ್ಟು ಮಲಗುವುದುಂಟೆ? ಒಂದು ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕೂತಳು. ಸಚಿಕೊ ಮಲಗಿ ಎಂದು ಕೈ ತೋರಿಸಲಿಲ್ಲ, ನಗಲಿಲ್ಲ. ತನ್ನ ಚಾಪೆ ಮಡಿಸಿಕೊಂಡು ಬಂದು, ಅದನ್ನು ಅಮ್ಮನ ಕಲ್ಲಿನ ಮೇಲೆ ಹಾಸಿ, ತಾನು ಕೆಳಗೆ ಒದ್ದೆ ನೆಲದ ಮೇಲೆ ಪಕ್ಕದಲ್ಲೇ ಕೂತಳು.

ನಾನು ಮಲಗಿದಲ್ಲಿಂದ ಒಂದೇ ಕಣ್ಣು ತೆರೆದು ನೋಡುತ್ತಿದ್ದೆ. ಅಮ್ಮ ಮತ್ತೊಂದು ಪ್ರಶ್ನೆಗೆ ಕೈ ಎತ್ತಿದಳು. ಕೈ ಅರ್ಧಕ್ಕೆ ನಿಂತು ಮಡಿಲಿಗೆ ಇಳಿಯಿತು. ಆಮೇಲೆ ಇಬ್ಬರೂ ನೀರು ನೋಡುತ್ತಾ ಸುಮ್ಮನೆ ಕೂತರು. ನಮ್ಮಮ್ಮ ಎಚ್ಚರವಿದ್ದೂ ಸುಮ್ಮನೆ ಕೂತಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಹುಷಾರಿಲ್ಲವೇನೋ ಎಂದು ಎದ್ದು ಹೋಗಿ ನೋಡಬೇಕೆನ್ನಿಸಿತು.

ವಾಪಸ್ಸು ಬರುವ ದಾರಿಯಲ್ಲಿ ಎಡವಟ್ಟಾಯಿತು. ಅಮ್ಮ ಕೊನೆಯಲ್ಲಿದ್ದಳು, ಅವಳ ಮುಂದೆ ನಾನು. ದಾರಿಯ ಪಕ್ಕದ ಪೊದೆಯಲ್ಲಿ ಬಿಳಿ ಹೂ ಬಿಟ್ಟಿತ್ತು, ನಮ್ಮ ನಂದಿಬಟ್ಟಲಿನ ದೂರದ ಸಂಬಂಧಿಯ ಹಾಗೆ. ಚಟ್ ಎಂದಿತು. ಎಷ್ಟೋ ವರ್ಷದಿಂದ ಕೇಳಿ ಗೊತ್ತಿದ್ದ ಸದ್ದು. ತಿರುಗಿ ನೋಡಿದರೆ ಅಮ್ಮನ ಮುಖ ಎತ್ತಲೋ, ಕಣ್ಣು ಎತ್ತಲೋ. ಕೈಗಳು ಮಾತ್ರ ಯಡಿಯೂರು ಕೆರೆಯ ಪಕ್ಕದ ಬೀದಿಯಲ್ಲಿದ್ದವು. ಚಟ್, ಚಟ್, ಕವರಿನೊಳಗೆ. ನಾನು ಎರಡೂ ಕೈ ಬೀಸಿ ಬೇಡ ಬೇಡ ಎಂದು ಸನ್ನೆ ಮಾಡಿದೆ. ಮುಂದಿದ್ದ ಮುದುಕ ಮುದುಕಿ ತಿರುಗಿ ನೋಡಿ, ಇದೂ ಕಾರ್ಯಕ್ರಮದ ಭಾಗವೆಂದು ಎರಡೂ ಕೈ ಬೀಸತೊಡಗಿದರು. ಟೈನವನೂ ಬೀಸಿದ. ಅಮ್ಮ ಬಹಳ ಸಂತೋಷದಿಂದ ಅವರಿಗೆಲ್ಲ ವಾಪಸ್ಸು ಕೈ ಬೀಸಿದಳು, ಹೂ ಹಿಡಿದ ಕೈಯನ್ನು ಬಿಟ್ಟು ಇನ್ನೊಂದರಿಂದ.

ಮತ್ತೆ ಬಾಗಿಲು

ಆಫೀಸಿನಲ್ಲಿ ಮತ್ತೆ ಬಿಪಿ ನೋಡಿದರು. ಎಲ್ಲರದ್ದೂ ಇಳಿದಿತ್ತು. ಅಮ್ಮನದು ಏರಿತ್ತು. ಯಂತ್ರ ಕೆಟ್ಟಿದೆಯೆಂದು ಬೇರೆ ತಂದರು, ಅದರಲ್ಲಿ ಇನ್ನೂ ಏರಿತ್ತು. ಮಾತಾಡದೆ ಇಟ್ಟರೆ ನಮ್ಮಮ್ಮನಿಗೆ ಏನಾಗುತ್ತದೆ ಎಂಬುದು ಜಪಾನಿನ ವಿಜ್ಞಾನಕ್ಕೆ ತಿಳಿದಿರಲಿಲ್ಲ. ಬಿಪಿ ಪಟ್ಟಿ ಬಿಚ್ಚುವಾಗ ಹಸಿರು ಟೋಪಿಯ ಯಜಮಾನರ ಕಣ್ಣು ಅಮ್ಮನ ಮಣಿಕಟ್ಟಿನ ಕವರಿನ ಮೇಲೆ ಬಿತ್ತು. ಒಳಗಿನಿಂದ ಬಿಳಿ ಹೂಗಳು ಇಣುಕುತ್ತಿದ್ದವು.

ಅವರು ಕೂಗಲಿಲ್ಲ. ಹಲ್ಲಿನ ಸಂದಿಯಿಂದ ಉಸಿರನ್ನು ಒಳಗೆಳೆದುಕೊಂಡರು, ಬಿಸಿ ಕಾಫಿ ಕುಡಿದವರ ಹಾಗೆ. ಆ ಸದ್ದಿಗೆ ಮಾಮನ ಮುಖ ಬಿಳಿಚಿತು. ಆ ಹೂ ಆ ಬೆಟ್ಟದಲ್ಲಿ ಮಾತ್ರ ಆಗುವುದಂತೆ, ಅದನ್ನು ಕಾಯುವುದಕ್ಕೆಂದೇ ಆ ಆಫೀಸು ಇರುವುದಂತೆ. ಇದು ನನಗೆ ಆಮೇಲೆ ಗೊತ್ತಾದದ್ದು. ಆಗ ಗೊತ್ತಾದದ್ದು ಇಷ್ಟೇ. ಸಚಿಕೊ ಮುಂದೆ ಬಂದಳು, ತಲೆ ಮಂಡಿಗೆ ತಾಗುವಷ್ಟು ಬಗ್ಗಿದಳು, ಎರಡು ಮಾತು ಹೇಳಿದಳು. ಯಜಮಾನರೂ ಎರಡು ಮಾತು ಹೇಳಿದರು. ಸಚಿಕೊ ತೋಳಿನ ಹಸಿರು ಪಟ್ಟಿ ಬಿಚ್ಚಿ, ಸೀಟಿಯನ್ನೂ ತೆಗೆದು, ಎರಡನ್ನೂ ಎರಡೂ ಕೈಯಿಂದ ಮೇಜಿನ ಮೇಲಿಟ್ಟಳು.

“ಏನಂತೋ ರಘು?” ಎಂದಳು ಅಮ್ಮ.

ಮಾಮ, “ನಿಯಮ ನಾನೇ ಸರಿಯಾಗಿ ಹೇಳ್ಲಿಲ್ಲ, ಅವರದ್ದೇನೂ ತಪ್ಪಿಲ್ಲ ಅಂದ್ಲು ಅಕ್ಕ. ಇನ್ಮೇಲೆ ಅವಳು ಗುಂಪು ಕರ್ಕೊಂಡು ಹೋಗೋ ಹಾಗಿಲ್ಲ” ಎಂದ.

ನಾನು ಅಮ್ಮನನ್ನು ನೋಡಿದೆ. ಬೆಳ್ಳಂಬೆಳಿಗ್ಗೆ ಮನೆಯವರು ಬಾಗಿಲು ತೆರೆದು ಬೈದರೂ, “ದೇವರಿಗೆ ತಾನೆ ಕಿತ್ಕೊಂಡಿದ್ದು” ಎಂದು ಅವರಿಗೇ ಪಾಪ ತಗುಲಿಸಿ ಬರುವವಳು. ಒಮ್ಮೆ ಸಿಕ್ಕಿಬಿದ್ದಾಗ, ಈ ಗಿಡ ನೆಟ್ಟಿದ್ದೇ ನಾನು ಎಂದು ಮನೆಯ ಯಜಮಾನನನ್ನೇ ನಂಬಿಸಿದವಳು. ಈಗ ಬಾಯಿ ಬಿಡಲು ಪರವಾನಗಿಯೂ ಸಿಕ್ಕಿತ್ತು. ಸುಳ್ಳಿನ ಮಹಾಪೂರ ಬರುತ್ತದೆಂದು ನಾನು ಕುರ್ಚಿಯ ಅಂಚಿಗೆ ಸರಿದು ಕೂತೆ.

“ಸುಳ್ಳು” ಎಂದಳು ಅಮ್ಮ. “ಅವಳು ಹೇಳಿದ್ಲು. ನೀನು ಕನ್ನಡದಲ್ಲೂ ಹೇಳ್ದೆ. ನಾನು ಕೇಳಿಸ್ಕೊಂಡೇ ಕಿತ್ತಿದ್ದು. ಆ ಯಜಮಾನ್ರಿಗೆ ಹೇಳು.”

ಮಾಮ ಅಲ್ಲಾಡಲಿಲ್ಲ. ಅಮ್ಮ ತಾನೇ ಮೇಜಿನ ಬಳಿಗೆ ಹೋದಳು. ಅಲ್ಲಿಂದ ಮುಂದೆ ನಡೆದದ್ದನ್ನು ಆ ಕಾಡು ಇನ್ನೂ ಮರೆತಿರಲಾರದು. ಬಾಗಿಲಲ್ಲಿ ತಡೆದಿಟ್ಟಿದ್ದ ಮಾತುಗಳೆಲ್ಲ ಒಟ್ಟಿಗೆ ಹೊರಟವು. ಜಯನಗರದ ಯಾವ ರಸ್ತೆಯಲ್ಲಿ ಯಾವ ಮನೆಯ ದಾಸವಾಳ, ಯಾವ ನಾಯಿ ಬೊಗಳುತ್ತದೆ, ಯಾವುದು ಅಭ್ಯಾಸವಾಗಿ ಬಾಲ ಆಡಿಸುತ್ತದೆ, ಇಪ್ಪತ್ತು ವರ್ಷದ ಸಮಸ್ತ ಅಪರಾಧಗಳನ್ನೂ ಅವಳು ಆ ಮುದುಕರ ಮುಂದೆ ಶುದ್ಧ ಕನ್ನಡದಲ್ಲಿ ಒಪ್ಪಿಕೊಂಡಳು. ಸನ್ನೆಗಳೂ ಇದ್ದವು. ಕೊಕ್ಕೆ ಕೋಲಿನಿಂದ ಕೊಂಬೆ ಬಗ್ಗಿಸುವುದನ್ನು ತೋರಿಸಿದಾಗ ಮುದುಕ ಮುದುಕಿ ಜೋಡಿ ಹಿಂದಿನಿಂದ ಅದನ್ನೂ ಅನುಸರಿಸಿದರು. ಕೊನೆಗೆ ಹಸಿರು ಪಟ್ಟಿಯನ್ನು ಎತ್ತಿ ಯಜಮಾನರ ಕಡೆ ಚಾಚಿ, “ಕಿತ್ತೋಳು ನಾನು. ಇದನ್ನ ಅವಳಿಗೆ ಕೊಟ್ಬಿಡಿ” ಎಂದು, ಸೊಂಟನೋವಿನ ನಮ್ಮಮ್ಮ, ಸಚಿಕೊ ಬಗ್ಗಿದಷ್ಟೇ ಬಗ್ಗಿದಳು. ಏಳಲು ಮಾತ್ರ ನಾನು ಹೋಗಿ ಎತ್ತಬೇಕಾಯಿತು.

ಮಾಮ ಈಗ ಭಾಷಾಂತರ ಮಾಡಿದ. ಅವನ ಭಾಷಾಂತರ ಒಂದೇ ವಾಕ್ಯದಲ್ಲಿ ಮುಗಿಯಿತು. ಯಜಮಾನರು ಅಮ್ಮನ ಕೈಯಿಂದ ಪಟ್ಟಿ ತೆಗೆದುಕೊಂಡು ಮೇಜಿನ ಮೇಲಿಟ್ಟರು. ಆಮೇಲೆ ಅದನ್ನು ಸಚಿಕೊಳ ಕಡೆಗೆ ಒಂದು ಬೆರಳಿನಿಂದ ತಳ್ಳಿದರು. ಕವರಿನ ಕಡೆ ತೋರಿಸಿ ಏನೋ ಕೇಳಿದರು.

“ಹೂ ಏನ್ ಮಾಡೋದು ಅಂತಾರೆ” ಎಂದ ಮಾಮ. “ಕಾಡಿಂದ ಹೊರಗೆ ಹೋಗೋ ಹಾಗಿಲ್ಲ. ಬಿಸಾಡೋಕೂ ಅವರಿಗೆ ಮನಸ್ಸಿಲ್ಲ.”

ಅಮ್ಮ ಕವರಿನೊಳಗೆ ನೋಡಿದಳು. ಸಚಿಕೊಳ ಕತ್ತರಿಸಿದ ಕೂದಲು ನೋಡಿದಳು. ತಾಳಿ ಸರದಲ್ಲಿ ಯಾವಾಗಲೂ ನೇತಾಡುವ ಪಿನ್ನುಗಳಲ್ಲಿ ಒಂದನ್ನು ಬಿಚ್ಚಿಕೊಂಡಳು. ಸೆರಗಿನ ಅಂಚಿನ ದಾರ ಎಳೆದು, ಅಲ್ಲೇ ಮೇಜಿನ ಮೇಲೆ, ಟೋಪಿಯ ಯಜಮಾನರ ಮೂಗಿನ ಕೆಳಗೇ, ಸರಸರ ಹೂ ಕಟ್ಟಿದಳು.

“ಈ ಕೂದಲಿಗೆ ಏನ್ ನಿಲ್ಲುತ್ತೋ ಏನೋ” ಎಂದು ಗೊಣಗುತ್ತಾ ಸಚಿಕೊಳ ತಲೆ ಬಗ್ಗಿಸಿ, ಕಿವಿಯ ಹಿಂದೆ ಇದ್ದಷ್ಟು ಕೂದಲನ್ನು ಸೇರಿಸಿ ಹಿಡಿದು, ಹೂ ಸಿಕ್ಕಿಸಿ ಪಿನ್ನು ಹಾಕಿದಳು. “ಕಾಡು ಬಿಟ್ಟು ಹೋಗಬಾರದು ತಾನೆ? ಇವಳು ಇಲ್ಲೇ ಇರ್ತಾಳೆ. ಹೂವೂ ಇಲ್ಲೇ ಇರುತ್ತೆ ಅಂತ ಹೇಳು ಅವರಿಗೆ.”

ಹೂ ಮುಡಿಸಿದ್ದರ ಅರ್ಥ ಮಾಮನಿಗೆ ಗೊತ್ತಿತ್ತು. ಹೆಬ್ಬೆರಳು ನೋಡಲು ತಲೆ ತಗ್ಗಿಸಿದ, ಆದರೆ ಕಣ್ಣು ತುಂಬಿದ್ದರಿಂದ ಅದು ಕಂಡಿರಲಿಕ್ಕಿಲ್ಲ. ಆಮೇಲೆ ಸಚಿಕೊಳಿಗೆ ಜಪಾನಿಯಲ್ಲಿ ಏನೋ ಮೆಲ್ಲಗೆ ಹೇಳಿದ. ಅವಳ ಕೈ ತಾನಾಗಿ ಕಿವಿಯ ಹಿಂದೆ ಹೋಗಿ ಹೂವನ್ನು ಮುಟ್ಟಿತು. ಅಮ್ಮನ ಕಡೆ ತಿರುಗಿ, ತನಗೆ ಬರುತ್ತಿದ್ದ ಒಂದೇ ಕನ್ನಡ ವಾಕ್ಯವನ್ನು ಮತ್ತೆ ಹೇಳಿದಳು. ಈ ಸಲ ಮಧ್ಯಾಹ್ನವಾಗಿತ್ತು, ಊಟ ಆಗಿರಲಿಲ್ಲ, ಹಾಗಾಗಿ ಪ್ರಶ್ನೆ ಸರಿಯಾಗಿಯೇ ಇತ್ತು.

ಫೋನ್ ಬೂತು

ಸಂಜೆ ಸ್ಟೇಷನ್ನಿನ ಹತ್ತಿರದ ಬೂತಿನಿಂದ ಯಡಿಯೂರಿಗೆ ಫೋನು. ಗಾಜಿನ ಡಬ್ಬಿಯೊಳಗೆ ನಾವು ಮೂವರೂ ನುಗ್ಗಿದ್ದೆವು, ಸಚಿಕೊ ಹೊರಗೆ ನಿಂತಿದ್ದಳು. ಅವಳ ತಲೆಯಲ್ಲಿ ಹೂ ಇರಲಿಲ್ಲ. ಮಾತಿನಂತೆ ಅದನ್ನು ಕಾಡಿನ ತನ್ನ ಕೋಣೆಯಲ್ಲಿ ನೀರಿನ ಬಟ್ಟಲಲ್ಲಿಟ್ಟು ಬಂದಿದ್ದಳು. ಪಿನ್ನು ಮಾತ್ರ ಕೂದಲಲ್ಲೇ ಇತ್ತು.

ಅಜ್ಜಿ ಫೋನಿನ ಪಕ್ಕದಲ್ಲೇ ಕೂತಿದ್ದಳೆಂದು ಕಾಣುತ್ತದೆ, ರಿಂಗ್ ಪೂರ್ತಿ ಆಗಲಿಲ್ಲ. ಅವಳ ದನಿ ಕೇಳಲು ಫೋನು ಬೇಕಿರಲಿಲ್ಲ, ಬಾಗಿಲು ತೆರೆದರೆ ಸಾಕಿತ್ತು. ಏನೇನು ಕೇಳಿದೆ, ಅವಳು ಏನೇನು ಹೇಳಿದಳು ಎಂದಳು.

“ಏನೂ ಕೇಳ್ಲಿಲ್ಲಮ್ಮ. ಅವಳೂ ಏನೂ ಹೇಳ್ಲಿಲ್ಲ.”

ನಮ್ಮಮ್ಮ ಏನೂ ಕೇಳಲಿಲ್ಲ ಎಂಬ ಸುದ್ದಿ ಅಜ್ಜಿಯ ಹೊಟ್ಟೆಗಿಳಿಯಲು ಸಮಯ ಬೇಕಾಯಿತು. ಆಮೇಲೆ ಅಮ್ಮ, “ಹೂ ಮುಡಿಸಿ ಬಂದೆ” ಎಂದಳು.

ಮಾಮ ಗಾಜಿಗೆ ಹಣೆ ಒತ್ತಿ ನಿಂತಿದ್ದ. ಕೊನೆಗೆ ಅಜ್ಜಿ ಫೋನನ್ನು ನನಗೆ ಕೊಡಲು ಹೇಳಿದಳು. ಮನೆಯಲ್ಲಿ ಸತ್ಯ ಹೇಳುವವನು ನಾನೊಬ್ಬನೇ ಎಂದು ಅವಳ ನಂಬಿಕೆ, ಉಪ್ಪಿಟ್ಟಿನ ಘಟನೆಯ ನಂತರ. “ಚೇತು, ನೀನು ಹೇಳೋ. ಹುಡುಗಿ ಹೇಗಿದಾಳೆ?”

ಇಂಥ ಅವಕಾಶ ಜೀವನದಲ್ಲಿ ಎಷ್ಟು ಸಲ ಬರುತ್ತದೆ? ನಾನು ಗಂಟಲು ಸರಿ ಮಾಡಿಕೊಂಡು, ಅಮ್ಮ ಸೆರಗು ಸರಿ ಮಾಡಿಕೊಳ್ಳುವ ಹಾಗೆಯೇ ಅಂಗಿ ಸರಿ ಮಾಡಿಕೊಂಡು, “ಮನೆಗೆ ಬಂದು ತಿಳಿಸ್ತೀನಿ ಅಜ್ಜಿ” ಎಂದೆ.

ಅಮ್ಮ ನನ್ನ ಕಿವಿ ಹಿಡಿದಳು. ಮಾಮನ ಮುಖದಲ್ಲಿ ರಕ್ತವೇ ಇರಲಿಲ್ಲ. ಹೊರಗೆ ಸಚಿಕೊ, ಕಿವಿ ಹಿಂಡುವುದನ್ನು ಗಾಜಿನಿಂದ ನೋಡಿ, ತನ್ನ ಕಿವಿಯನ್ನು ಮೆಲ್ಲಗೆ ಹಿಡಿದುಕೊಂಡಳು.

“ಏಯ್ ಕತ್ತೆ” ಎಂದಳು ಅಜ್ಜಿ ಯಡಿಯೂರಿನಿಂದ. “ಆ ಮಾತು ಈ ಮನೆ ಸೊಸೆಗೆ ಆಡಬಾರ್ದು. ಫೋನು ನಿಮ್ ಮಾಮನ ಕೈಗೆ ಕೊಡು.”